ಒಂದನೇ ಇಯತ್ತೆಯ ಮಗುವಿಗೆ ಮೂರು ಲಿಪಿಯ ಹೊರೆ ಯಾಕೆ?

ಬರುವ ಜೂನ್ ತಿಂಗಳಲ್ಲಿ ಮುಂಬಯಿಯ ಶಾಲೆಗಳು ತೆರೆಯುತ್ತವೆ. ಹೋಟೆಲು, ಕ್ಯಾಂಟೀನು, ಕಾರಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳ ಆರು ವರ್ಷದ ಮಕ್ಕಳು ಮೊದಲ ಸಲ ಚೀಲ ಹೊತ್ತು ಹೊರಡುತ್ತಾರೆ. ಫೀ ಎಷ್ಟು, ಸಮವಸ್ತ್ರದ ಬಣ್ಣ ಯಾವುದು ಎಂದು ವಿಚಾರಿಸುವವರು ಬಹಳ ಮಂದಿ. ಒಳಗೆ ಕೂಡಿಸಿ ಮಗುವಿಗೆ ಏನನ್ನು ಕಲಿಸುತ್ತೀರಿ ಎಂದು ಕೇಳುವವರು ಎಷ್ಟು ಮಂದಿ? ಈ ಸಂಚಿಕೆಯಲ್ಲಿ ನಾವು ಆ ಪ್ರಶ್ನೆಯನ್ನೇ ಎತ್ತುತ್ತೇವೆ.

2025ರಲ್ಲಿ ಈ ರಾಜ್ಯದಲ್ಲಿ ನಡೆದ ಗದ್ದಲ ಎಲ್ಲರಿಗೂ ನೆನಪಿದೆ. ಎಪ್ರಿಲ್ 16ರಂದು ಮಹಾರಾಷ್ಟ್ರ ಸರಕಾರ ಒಂದು ಆಜ್ಞೆ ಹೊರಡಿಸಿತು. ಮರಾಠಿ ಮತ್ತು ಇಂಗ್ಲೀಷು ಮಾಧ್ಯಮದ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಹಿಂದಿ ಮೂರನೆಯ ಭಾಷೆಯಾಗಿ ಕಡ್ಡಾಯವೆಂದಿತು. ಜನ ರೊಚ್ಚಿಗೆದ್ದರು. ಜೂನ್ 17ರಂದು ಎರಡನೆಯ ಆಜ್ಞೆ ಬಂದು, 'ಕಡ್ಡಾಯ'ದ ಜಾಗದಲ್ಲಿ 'ಸಾಮಾನ್ಯವಾಗಿ' ಎಂಬ ಮಾತು ಕುಳಿತಿತು. ಆದರೂ ಜನ ಸುಮ್ಮನಾಗಲಿಲ್ಲ. ಜೂನ್ 29ರಂದು ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಎರಡೂ ಆಜ್ಞೆಗಳನ್ನು ಹಿಂದೆಗೆದುಕೊಂಡು, ಡಾ. ನರೇಂದ್ರ ಜಾಧವರ ನೇತೃತ್ವದಲ್ಲಿ ಸಮಿತಿಯೊಂದನ್ನು ಸಾರಿದರು. ಆರು ವರ್ಷದ ಕೂಸಿನ ಮೇಲೆ ಮೂರು ಭಾಷೆ ಹೇರಬಾರದೆಂದು ಮರಾಠಿ ಬಂಧುಗಳು ಕೂಗಿದ್ದು ನೂರಕ್ಕೆ ನೂರು ಸರಿ. ಅದರಲ್ಲಿ ನಮ್ಮ ಎರಡು ಮಾತಿಲ್ಲ.

ಆದರೆ ಅದೇ ಗದ್ದಲದ ನಡುವೆ ಒಂದು ಸಣ್ಣ ಸಂಗತಿ ಯಾರ ಕಣ್ಣಿಗೂ ಬೀಳದೆ ಹೋಯಿತು. ಈ ರಾಜ್ಯದ ಕನ್ನಡ ಶಾಲೆಯ ಮಗು ಒಂದನೇ ಇಯತ್ತೆಯಲ್ಲಿ ಮೂರು ಭಾಷೆಗಳನ್ನು ಆಗಲೇ ಹೊತ್ತಿತ್ತು! ಮಾಧ್ಯಮ ಕನ್ನಡ. ಇಂಗ್ಲೀಷು 2000ದಿಂದ ಒಂದನೇ ಇಯತ್ತೆಗೆ ಬಂದಿದೆ. ಮರಾಠಿಯನ್ನು 2020ರ ಕಾನೂನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತು. ಹೀಗೆ ಮೂರು ಭಾಷೆ, ಮೂರು ಲಿಪಿ. ಮರಾಠಿ ಮಗುವಿಗೆ ತಡೆಯಲಾರದ ಭಾರ ಕನ್ನಡ ಮಗುವಿಗೆ ಹೂವಿನ ಹಾರವೆ? ಅವರ ಮೂರು ಅನ್ಯಾಯವಾದರೆ ನಮ್ಮ ಮೂರು ಹೇಗೆ ನ್ಯಾಯವಾಯಿತು?

ನಮ್ಮನ್ನು ತಪ್ಪು ತಿಳಿಯಬಾರದು. ಮರಾಠಿಯ ವಿರುದ್ಧ ನಾವು ಒಂದು ಮಾತೂ ಆಡುವವರಲ್ಲ. ಈ ನೆಲದ ಅನ್ನ ತಿಂದವರು ನಾವು. ಪರೇಲ, ಲಾಲಬಾಗಗಳ ಗಿರಣಿಗಳ ಭೋಂಗಾ ಕೂಗುತ್ತಿದ್ದ ದಿನಗಳಲ್ಲಿ ಒಂದೇ ಸಾಲಿನ ಸಾಂಚೆಗಳ ಮೇಲೆ ಮರಾಠಿಗರೂ ನಾವೂ ದುಡಿದೆವು. 1982ರ ಮುಷ್ಕರದಲ್ಲಿ ಕೂಡಿಯೇ ಉಪವಾಸ ಬಿದ್ದೆವು. ನಮ್ಮ ಮಕ್ಕಳು ಮರಾಠಿ ಕಲಿಯಲೇಬೇಕು, ಕಲಿಯುತ್ತಲೂ ಇದ್ದಾರೆ. ಚಾಳಿನ ಅಂಗಳದಲ್ಲಿ ಆಡುವ ಹುಡುಗನಿಗೆ ಮರಾಠಿ ಮಾತು ಕಲಿಸಲು ಸರಕಾರದ ಕಾನೂನು ಬೇಕಿಲ್ಲ. ನಮ್ಮ ಪ್ರಶ್ನೆ ಯಾವಾಗ ಮತ್ತು ಹೇಗೆ ಎಂಬುದಷ್ಟೆ. 'ಅ'ವೂ 'ಆ'ವೂ ಇನ್ನೂ ಕೈಗೆ ಕೂಡದ ಮಗುವಿಗೆ ಅದೇ ವಾರ ದೇವನಾಗರಿಯನ್ನೂ ಎ.ಬಿ.ಸಿ.ಯನ್ನೂ ತಿದ್ದಿಸಿದರೆ ಅದಕ್ಕೆ ಮೂರರಲ್ಲಿ ಒಂದೂ ಗಟ್ಟಿಯಾಗದು.

ಇದು ನಾವು ಹುಟ್ಟಿಸಿಕೊಂಡ ತರ್ಕವಲ್ಲ. ಯಾವ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರು ಹೇಳಿ ಸರಕಾರ ಆಜ್ಞೆ ಹೊರಡಿಸಿತೋ ಆ 2020ರ ನೀತಿಯನ್ನೇ ತೆರೆದು ನೋಡಿರಿ. ಎಳೆಯ ವರ್ಷಗಳಲ್ಲಿ ಓದು, ಅನಂತರ ಬರಹ, ಎರಡೂ ಮಾತೃಭಾಷೆಯಲ್ಲಿ. ಉಳಿದ ಭಾಷೆಗಳು ಮಾತುಕತೆಯಿಂದ. ಅವುಗಳ ಓದು ಬರಹ ಮೂರನೇ ಇಯತ್ತೆಯಿಂದ ಮುಂದೆ ಎಂಬುದು ಅದರ ಅಭಿಪ್ರಾಯ. ಸಾಧ್ಯವಿದ್ದಲ್ಲೆಲ್ಲ ಕಡೇಪಕ್ಷ ಐದನೇ ಇಯತ್ತೆಯವರೆಗೆ ಮನೆಯ ಭಾಷೆಯಲ್ಲೇ ಪಾಠ ನಡೆಯಬೇಕೆಂದೂ ಅದು ಹೇಳುತ್ತದೆ. ಭಾಷೆ ಹೇರುವಾಗ ನೀತಿ ಬೇಕು, ಕೂಸಿನ ಭಾರ ಇಳಿಸುವಾಗ ಅದೇ ನೀತಿ ಬೇಡ. ಇದು ಯಾವ ಸೀಮೆಯ ನ್ಯಾಯ?

ಇಂಗ್ಲೀಷು ಬಾರದಿದ್ದರೆ ಅನ್ನವಿಲ್ಲ, ನಿಮ್ಮ ಕನ್ನಡ ಇಟ್ಟುಕೊಳ್ಳಿ ಎನ್ನುವ ಬಂಧುಗಳೂ ಇದ್ದಾರೆ. ಅವರ ಭಯ ಸುಳ್ಳಲ್ಲ. ಹಾಗೆಂದೇ ಸಂಬಳದ ಕಾಲು ಭಾಗ ಸುರಿದು, ಗಲ್ಲಿಯ ಯಾವುದೋ ಮಹಡಿಯ ಮೇಲೆ ಬೋರ್ಡು ತೂಗಿಸಿದ 'ಕಾನ್ವೆಂಟಿ'ಗೆ ಮಗುವನ್ನು ಸೇರಿಸುತ್ತಾರೆ. ಆ ಮೇಲೆ ಏನಾಗುತ್ತದೆ? ಅಪ್ಪ ಸಪ್ಲಾಯರ್, ಬೆಳಿಗ್ಗೆ ಆರಕ್ಕೆ ಹೋದವನು ರಾತ್ರಿ ಹನ್ನೊಂದಕ್ಕೆ ಖೋಲಿಗೆ ಬರುತ್ತಾನೆ. ಮಗು ಮಲಗಿರುತ್ತದೆ. ತಾಯಿ ಊರಿನಲ್ಲಿ ಏಳನೇ ಇಯತ್ತೆ ಕನ್ನಡ ಓದಿದವಳು. ಮಗುವಿನ ಪುಸ್ತಕ ಅವಳಿಗೆ ಗೋಡೆ. ಮಗು ಓದುತ್ತಿದೆಯೋ ಚಿತ್ರ ನೋಡಿ ಬಾಯಿಪಾಠ ಒಪ್ಪಿಸುತ್ತಿದೆಯೋ ಎಂದು ಅವಳಿಗೆ ತಿಳಿಯುವ ದಾರಿಯಿಲ್ಲ. ತಿಂಗಳಿಗೆ ಇನ್ನಷ್ಟು ಹಣ ತೆತ್ತು ಟ್ಯೂಶನ್ನಿಗೆ ಕಳಿಸಬೇಕು. ಅದೇ ಮಗುವಿನ ಕೈಯಲ್ಲಿ ಕನ್ನಡ ಪುಸ್ತಕವಿದ್ದರೆ, ಒಲೆಯ ಮುಂದೆ ಕುಳಿತೇ ಅವಳು, "ಅಲ್ಲ ಮಗಾ, ಅದು 'ಘ', ಇನ್ನೊಂದು ಸಲ ಓದು" ಎನ್ನಬಲ್ಲಳು. ಶೇಠರ ಮಕ್ಕಳಿಗೆ ಮನೆಗೇ ಮಾಸ್ತರರು ಬರುತ್ತಾರೆ, ಅವರು ಯಾವ ಭಾಷೆಯಲ್ಲಿ ಕಲಿತರೂ ನಡೆಯುತ್ತದೆ. ಪಾತ್ರೆ ತೊಳೆಯುವವನ ಮಗುವಿಗೆ ಇರುವ ಒಬ್ಬಳೇ ಮಾಸ್ತರಳು ಅದರ ತಾಯಿ. ಅವಳ ಕೈಯಿಂದಲೂ ಪುಸ್ತಕ ಕಸಿದರೆ ಉಳಿಯುವುದೇನು?

ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ನಮ್ಮಲ್ಲಿ ಬಹಳ. ಅವರ ಮನೆಗಳಲ್ಲಿಯೂ ಕಾಗದ, ಪಂಚಾಂಗ, ಪತ್ರಿಕೆ ಕನ್ನಡದಲ್ಲೇ ಇರುವುದರಿಂದ ಈ ಮಾತು ಅವರಿಗೂ ಸಲ್ಲುತ್ತದೆ. ಇನ್ನೊಂದು ಮಾತು: ಹೋಟೆಲು ಮುಚ್ಚಿ ಅರ್ಧ ವರ್ಷದಲ್ಲಿ ಸಂಸಾರ ಕುಂದಾಪುರಕ್ಕೋ ವಿಜಯಪುರಕ್ಕೋ ಮರಳಬೇಕಾದ ಪ್ರಸಂಗ ನಮ್ಮವರಿಗೆ ಹೊಸದಲ್ಲ. ಕರ್ನಾಟಕದಲ್ಲಿ 2015ರ ಕಾನೂನಿನಂತೆ ಕನ್ನಡ ಕಲಿಯಲೇಬೇಕು. ಅಕ್ಷರ ಬಾರದ ಮಗು ಅಲ್ಲಿಯೂ ಹಿಂದೆ ಬೀಳುತ್ತದೆ.

ಹಾಗಾದರೆ ಕನ್ನಡ ಶಾಲೆ ಎಲ್ಲಿದೆ? ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಫೀ ಇಲ್ಲ, ಪುಸ್ತಕ ಸಮವಸ್ತ್ರ ಪುಕ್ಕಟೆ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ. ಇಷ್ಟಿದ್ದೂ ವರ್ಷ ವರ್ಷ ಈ ಶಾಲೆಗಳ ಬೆಂಚುಗಳು ಬರಿದಾಗುತ್ತಿವೆ. ಮಕ್ಕಳಿಲ್ಲವೆಂದು ತರಗತಿ ಮುಚ್ಚುತ್ತಾರೆ, ತರಗತಿ ಮುಚ್ಚಿತೆಂದು ಮಕ್ಕಳು ಬೇರೆಡೆ ಹೋಗುತ್ತಾರೆ. ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಳ್ಳೆಯದು, ಆದರೆ ಆರಿಸಲು ನಡೆದುಹೋಗುವಷ್ಟು ದೂರದಲ್ಲಿ ಶಾಲೆ ಇರಬೇಡವೆ? ಕೂಸನ್ನು ಲೋಕಲ್ ಗಾಡಿಯ ಗರ್ದಿಯಲ್ಲಿ ತೂರಿಸಿ ಕಳಿಸುವ ತಾಯಿ ಯಾರು?

ಇಲ್ಲಿ ಒಂದು ಲೆಕ್ಕ ಹೇಳುತ್ತೇವೆ, ಕಿವಿಗೊಡಿರಿ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸಭೆ ಸೇರಿ ಒಂದು ನಿರ್ಣಯ ಮಾಡಿದರು. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡತಕ್ಕದ್ದು. ರಾಜ್ಯ ಪುನರ್ರಚನೆಯ ವರ್ಷವಾದ 1956ರಲ್ಲಿ ಸಂವಿಧಾನಕ್ಕೆ 350ಎ ಕಲಮು ಸೇರಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯ ಯತ್ನಿಸಬೇಕೆಂದು ಅದು ಹೇಳುತ್ತದೆ. ಆದರೆ 2025ರ ಜೂನ್ 17ರ ಆಜ್ಞೆಯಲ್ಲಿ ಹಿಂದಿಯ ಬದಲು ಬೇರೆ ಭಾರತೀಯ ಭಾಷೆ ಬೇಕೆಂದರೆ ಒಂದು ಇಯತ್ತೆಯಲ್ಲಿ 20 ಮಕ್ಕಳು ಕೂಡಬೇಕಾಗಿತ್ತು. ಅದೂ ಒಂದು ಪಾಠದ ಮಟ್ಟಿಗೆ! ದೇಶ ಬಡವಾಗಿದ್ದಾಗ ಹತ್ತು ಮಕ್ಕಳಿಗೆ ಮಾಸ್ತರರಿದ್ದರು, ದೇಶ ಸಿರಿವಂತವಾದ ಮೇಲೆ ಇಪ್ಪತ್ತಾದರೂ ಬೇಕು. ಆ ಆಜ್ಞೆ ಸತ್ತಿದೆ. ಅದನ್ನು ಬರೆದ ಬುದ್ಧಿ ಸತ್ತಿಲ್ಲ.

ಆದುದರಿಂದ ಬರುವ ಅವಧಿಗೆ ಮುನ್ನ ನಮ್ಮ ಬೇಡಿಕೆ ಇಷ್ಟು. ಒಂದು ಎರಡನೇ ಇಯತ್ತೆಗಳಲ್ಲಿ ಕನ್ನಡ ಮಗುವಿಗೆ ಓದು ಬರಹ ಕನ್ನಡದಲ್ಲಿ ಮಾತ್ರ ಇರಲಿ. ಮರಾಠಿ, ಇಂಗ್ಲೀಷು ಹಾಡು, ಕತೆ, ಮಾತುಗಳಿಂದ ಬರಲಿ. ಮೂರನೆಯದರಿಂದ ಮೂರನ್ನೂ ಬರೆಯಿಸಲಿ, ನಮ್ಮ ಅಡ್ಡಿಯಿಲ್ಲ. ಹತ್ತು ಮಕ್ಕಳಿರುವಲ್ಲಿ ತರಗತಿ ಮುಚ್ಚಬಾರದು.

ಬೇಡಿಕೆಗೆ ಹೆಸರುಗಳು ಬೇಕು, ಬಂಧುಗಳೇ. ನಿಮ್ಮ ಚಾಳಿನಲ್ಲಿ, ನಿಮ್ಮ ಹೋಟೆಲಿನ ಖೋಲಿಗಳಲ್ಲಿ ಆರು ತುಂಬಿದ ಮಕ್ಕಳು ಎಷ್ಟೆಂದು ಎಣಿಸಿರಿ. ಜನ್ಮದಾಖಲೆಯ ಪ್ರತಿಯೊಂದಿಗೆ ಸಂಘದ ಕಚೇರಿಗೆ ಬನ್ನಿರಿ. ಹೋಟೆಲಿನವರಿಗೆ ಬಿಡುವಾಗುವ ಮಧ್ಯಾಹ್ನ ಮೂರರಿಂದ ಐದರವರೆಗೆ ಅರ್ಜಿ ಬರೆದುಕೊಡಲು ಒಬ್ಬರು ಅಲ್ಲಿ ಕುಳಿತಿರುತ್ತಾರೆ. ಪಾಳಿಯವರಿಗೆ ಭಾನುವಾರ ದಿನವಿಡೀ.