ಮನೆ ಬಿಡಬೇಕಾದವರು ನೀವೇನಾ? ಕೌಟುಂಬಿಕ ಹಿಂಸೆಯಲ್ಲಿ ಸುರಕ್ಷಿತ ಸೂರಿನ ದಾರಿಗಳು

ಔಷಧಿ ಅಂಗಡಿಗೆ ಬಂದವರು ನೋವಿನ ಮುಲಾಮು ಕೇಳುತ್ತಾರೆ. ಮೂರನೇ ಸಲ ಬಂದಾಗ ‘ಮತ್ತೆ ಬಿದ್ರಾ?’ ಎಂದು ಮೆಲ್ಲಗೆ ಕೇಳಿದರೆ ಕೆಲವರು ಸುಮ್ಮನಾಗುತ್ತಾರೆ, ಕೆಲವರು ಬಾಯಿಬಿಡುತ್ತಾರೆ. ಬಾಯಿಬಿಟ್ಟವರ ಮಾತು ಬಹುತೇಕ ಒಂದೇ ಕಡೆ ಬಂದು ನಿಲ್ಲುತ್ತದೆ: ‘ಬಿಟ್ಟು ಹೋಗೋದಾದ್ರೆ ಎಲ್ಲಿಗೆ ಹೋಗ್ಲಿ? ಮನೆ ಅವರ ಹೆಸರಲ್ಲಿದೆ. ತವರು ವಿಜಯಪುರದಲ್ಲಿದೆ.’

ನಾನು ಫಾರ್ಮಸಿ ಓದಿದವಳು, ವಕೀಲೆಯಲ್ಲ. ಆದರೂ ಈ ಪ್ರಶ್ನೆಗೆ ಇರುವ ಉತ್ತರ ನಮ್ಮವರಿಗೆ ಕನ್ನಡದಲ್ಲಿ ಸಿಗುತ್ತಿಲ್ಲ ಅನ್ನುವುದು ಅನುವಾದದ ಕೆಲಸದಲ್ಲಿ ನನಗೆ ಕಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಎಂದಿದ್ದರು. ದೇಶದ ಸರಾಸರಿ ಶೇ 29.3.

ಮೊದಲು ತಿಳಿಯಬೇಕಾದ ಸಂಗತಿ: ಮನೆ ಬಿಡಬೇಕಾದವರು ನೀವೇ ಆಗಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಒಂದು ಪದವಿದೆ. ಅದನ್ನು ‘ಹಂಚಿಕೊಂಡ ಮನೆ’ ಎಂದು ಅನುವಾದಿಸಿದರೆ ಆಸ್ತಿ ಪಾಲು ಮಾಡಿಕೊಂಡಂತೆ ಕೇಳಿಸುತ್ತದೆ. ಅದರ ಅರ್ಥ ನೀವು ಆ ಸಂಬಂಧದಲ್ಲಿ ಕೂಡಿ ಬಾಳಿದ ಮನೆ. ಮನೆಪತ್ರ ಯಾರ ಹೆಸರಲ್ಲೇ ಇರಲಿ, ಬಾಡಿಗೆ ಮನೆಯೇ ಆಗಿರಲಿ, ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ಹಿಂಸೆ ಕೊಡುವವನೇ ಹೊರಗೆ ಹೋಗಬೇಕು ಎಂದು ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ಅದಾಗದಿದ್ದರೆ ನೀವಿದ್ದ ಮಟ್ಟದ್ದೇ ಬೇರೆ ಮನೆ ಮಾಡಿಕೊಡಲು, ಇಲ್ಲವೇ ಅದರ ಬಾಡಿಗೆ ಕಟ್ಟಲು ಹೇಳಬಹುದು. ಆದರೆ ಅತ್ತೆಯನ್ನಾಗಲಿ ನಾದಿನಿಯನ್ನಾಗಲಿ ಹೊರಗೆ ಕಳಿಸುವ ಆದೇಶಕ್ಕೆ ಈ ಕಾಯ್ದೆಯಲ್ಲಿ ಅವಕಾಶವಿಲ್ಲ.

‘ಮನೆ ಮಾವನದು’ ಅನ್ನುವ ಮಾತಿಗೆ 2020ರವರೆಗೆ ತೂಕವಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪನ್ನೇ ಬದಲಿಸಿ, ಅತ್ತೆ–ಮಾವನ ಮನೆಯೂ ಈ ಲೆಕ್ಕಕ್ಕೆ ಬರಬಹುದು ಎಂದಿತು. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದಿಟ್ಟುಕೊಂಡು ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಲು ಬರುವುದಿಲ್ಲ ಎಂದೂ ಹೇಳಿತು. ಹಾಗೆಂದು ಈ ಹಕ್ಕು ಕಲ್ಲಿನ ಗೋಡೆಯಲ್ಲ. ವೃದ್ಧರ ಹಕ್ಕನ್ನೂ ಕೋರ್ಟು ತೂಗಿ ನೋಡುತ್ತದೆ.

ಅರ್ಜಿ ಹಾಕಿದರೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಆಮೇಲೆ 60 ದಿನದಲ್ಲಿ ಇತ್ಯರ್ಥ ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ದಿನ ಹಿಡಿಯಬಹುದು. ಹಾಗಾಗಿ ತುರ್ತಿದ್ದರೆ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಸರ್ಕಾರಿ ಕಾನೂನು ನೆರವು ಉಚಿತ, ಫೋನ್ 15100. ತವರಿಗೆ ಹೋಗಿದ್ದರೆ ಅರ್ಜಿಯನ್ನು ಅಲ್ಲೇ ಹಾಕಬಹುದು, ಪುಣೆಗೋ ದೆಹಲಿಗೋ ಮರಳಬೇಕಿಲ್ಲ.

ಆದರೆ ಕತ್ತು ಹಿಸುಕಿದ್ದರೆ, ಕೊಲ್ಲುತ್ತೇನೆ ಎಂದಿದ್ದರೆ ಕೋರ್ಟಿನ ಆದೇಶಕ್ಕೆ ಕಾಯುತ್ತಾ ಆ ಮನೆಯಲ್ಲಿ ಇರಬೇಡಿ. ಹಿಸುಕಿದ ಗುರುತು ಹೊರಗೆ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಿ, 112ಕ್ಕೆ ಕರೆ ಮಾಡಿ.

ರಾತ್ರೋರಾತ್ರಿ ಹೊರಡಬೇಕಾದರೆ ಮಹಿಳಾ ಸಹಾಯವಾಣಿ 181. ಅಲ್ಲಿಂದ ಜಿಲ್ಲೆಯ ‘ಸಖಿ’ ಒನ್ ಸ್ಟಾಪ್ ಸೆಂಟರಿಗೆ ಸೇರಿಸುತ್ತಾರೆ. ಕರೆ ಎತ್ತಿದವರಿಗೆ ಕನ್ನಡ ಬರದೇ ಇರಬಹುದು. ಹಿಂದಿಯಲ್ಲಿ ‘ಮುಝೇ ಆಜ್ ರಾತ್ ರಹನೇ ಕೀ ಸುರಕ್ಷಿತ್ ಜಗಹ್ ಚಾಹಿಯೇ’, ಮರಾಠಿಯಲ್ಲಿ ‘ಮಲಾ ಆಜ್ ರಾತ್ರೀ ಸುರಕ್ಷಿತ ಜಾಗಾ ಹವೀ ಆಹೇ’, ತಮಿಳಿನಲ್ಲಿ ‘ಇನ್ನಿಕ್ಕಿ ರಾತ್ರಿ ತಂಗ ಪಾದುಗಾಪ್ಪಾನ ಇಡಂ ವೇಣುಂ’, ತೆಲುಗಿನಲ್ಲಿ ‘ಈ ರಾತ್ರಿ ಉಂಡಡಾನಿಕಿ ಸುರಕ್ಷಿತಮೈನ ಚೋಟು ಕಾವಾಲಿ’ ಎಂದರೆ ಸಾಕು.

ಸಖಿ ಕೇಂದ್ರದಲ್ಲಿ ಇರಲು ಬಿಡುವುದು ಸಾಮಾನ್ಯವಾಗಿ 5 ದಿನ ಮಾತ್ರ. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯ ಅತಿ ದುರ್ಬಲ ಜಾಗ ಇದು. ಐದನೇ ದಿನ ಮುಂದಿನ ಏರ್ಪಾಟಿಲ್ಲದೆ ಎಷ್ಟೋ ಜನ ಅದೇ ಮನೆಗೆ ವಾಪಸ್ ಹೋಗುತ್ತಾರೆ. ಅದಕ್ಕೇ ಒಳಗೆ ಕಾಲಿಟ್ಟ ದಿನವೇ ‘ಆರನೇ ದಿನ ಎಲ್ಲಿ?’ ಎಂದು ಕೇಳಿ. ಹೆಚ್ಚು ಕಾಲ ಇರಲು ‘ಶಕ್ತಿ ಸದನ’ಗಳಿವೆ (ಹಿಂದಿನ ಸ್ವಾಧಾರ ಗೃಹಗಳು ಇದರಲ್ಲಿ ಸೇರಿವೆ). ದುಡಿಯುವವರಿಗೆ ‘ಸಖಿ ನಿವಾಸ’ ಎಂಬ ಹಾಸ್ಟೆಲುಗಳಿವೆ. ಗಂಡುಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ವಯಸ್ಸಿನ ಮಿತಿ ಇರುತ್ತದೆ, ಹತ್ತು ದಾಟಿದ ಮಗನಿದ್ದರೆ ಫೋನಿನಲ್ಲೇ ವಿಚಾರಿಸಿಕೊಳ್ಳಿ.

‘ಮೊದಲು ದೂರು ಕೊಟ್ಟು ಬನ್ನಿ’ ಎಂದು ಆಶ್ರಯಧಾಮದವರು ಹೇಳಿದರೆ ಅದು ಸರಿಯಲ್ಲ. ಕಾಯ್ದೆಯ ನಿಯಮದ ಪ್ರಕಾರ, ಹಿಂಸೆಯ ವರದಿ ದಾಖಲಾಗಿಲ್ಲ ಎಂಬ ಕಾರಣಕ್ಕೆ ಆಶ್ರಯವನ್ನಾಗಲಿ ಚಿಕಿತ್ಸೆಯನ್ನಾಗಲಿ ನಿರಾಕರಿಸುವಂತಿಲ್ಲ. ನೀವು ಕೇಳಿಕೊಂಡರೆ ನೀವಲ್ಲಿರುವ ವಿಷಯವನ್ನು ಹಿಂಸೆ ಕೊಟ್ಟವನಿಗೆ ತಿಳಿಸುವಂತೆಯೂ ಇಲ್ಲ. ಆಸ್ಪತ್ರೆಯಿಂದ ವೈದ್ಯಕೀಯ ವರದಿಯ ಪ್ರತಿ ನಿಮಗೆ ಉಚಿತ. ಮುಂಬೈಯವರಿಗೆ ಇನ್ನೊಂದು ಬಾಗಿಲಿದೆ: ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಶುರುವಾಗಿ ಬೇರೆ ಪಾಲಿಕೆ ಆಸ್ಪತ್ರೆಗಳಿಗೂ ಹಬ್ಬಿದ ‘ದಿಲಾಸಾ’ ವಿಭಾಗ. ಡಾಕ್ಟರಿಗೆ ತೋರಿಸಲು ಹೋಗುತ್ತಿದ್ದೇನೆ ಎಂದು ಹೇಳಿಯೇ ಅಲ್ಲಿಗೆ ಹೋಗಬಹುದು.

ಇವೆಲ್ಲ ನೆಲದ ಮೇಲೆ ಎಷ್ಟಿವೆ? ಕಾಯ್ದೆ ಜಾರಿಯಾದದ್ದು 2006ರಲ್ಲಿ. 2025ರ ಮೇ ತಿಂಗಳಲ್ಲೂ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಿ, ಆಶ್ರಯಧಾಮಗಳನ್ನು ಗುರುತಿಸಿ ಎಂದು ವಾರಗಳ ಗಡುವು ಕೊಟ್ಟು ಹೇಳಬೇಕಾಯಿತು. ಆ ಪೀಠದಲ್ಲಿದ್ದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸುಮಾರು ಹತ್ತೊಂಬತ್ತು ವರ್ಷದ ನಂತರವೂ ‘ಮೊದಲು ಗುರುತಿಸಿ’ ಎನ್ನುವ ಹಂತದಲ್ಲೇ ಇದ್ದೇವೆ ಅನ್ನುವುದು ನನಗೆ ಸಿಟ್ಟು ತರಿಸುವ ಸಂಗತಿ. ನಿಮ್ಮ ಜಿಲ್ಲೆಯ ಸಂರಕ್ಷಣಾಧಿಕಾರಿ ಯಾರು, ಕಚೇರಿ ಎಲ್ಲಿ ಎಂದು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಇಲಾಖೆಯಲ್ಲಿ ಈಗಲೇ ಕೇಳಿಡಿ. ನಿಮ್ಮ ಪರವಾಗಿ ಅಕ್ಕನೋ ಪಕ್ಕದ ಮನೆಯವರೋ ಕೇಳಬಹುದು.

ಇನ್ನು ನನ್ನ ಕಸುಬಿನ ಮಾತು. ಮನೆಯಿಂದ ಹೊರಡುವವರು ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ನೆನಪಿಟ್ಟುಕೊಳ್ಳುತ್ತಾರೆ, ಮಾತ್ರೆ ಮರೆಯುತ್ತಾರೆ. ಫಿಟ್ಸ್, ಖಿನ್ನತೆ, ಬಿಪಿ ಮಾತ್ರೆಗಳನ್ನಾಗಲಿ ಇನ್ಸುಲಿನ್ ಆಗಲಿ ಥಟ್ಟನೆ ನಿಲ್ಲಿಸಿದರೆ ಅಪಾಯ. ಒಂದು ವಾರದ ಮಾತ್ರೆಯನ್ನು ಬೇರೆಯಾಗಿಟ್ಟುಕೊಳ್ಳಿ. ಚೀಟಿಯ ಫೋಟೋವನ್ನು ನಂಬಿಕೆಯವರಿಗೆ ಕಳಿಸಿ ನಿಮ್ಮ ಫೋನಿನಿಂದ ಅಳಿಸಿ. ಟಿಬಿ ಅಥವಾ ಎಚ್‌ಐವಿ ಚಿಕಿತ್ಸೆಯನ್ನು ಬೇರೆ ಊರಿನ ಸರ್ಕಾರಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಹೊಸ ಜಾಗಕ್ಕೆ ಹೋದಮೇಲೆ ಹಳೆಯ ಮೆಡಿಸಿನ್ ಆ್ಯಪಿನಿಂದ ಆರ್ಡರ್ ಮಾಡಬೇಡಿ. ಆ ಖಾತೆ ಗಂಡನ ನಂಬರಿನಲ್ಲಿದ್ದರೆ ಡೆಲಿವರಿ ವಿಳಾಸ ಅವನ ಫೋನಿಗೇ ಹೋಗಬಹುದು. ಹತ್ತಿರದ ಅಂಗಡಿಗೆ ಹೋಗಿ ನಗದು ಕೊಟ್ಟು ತಗೊಳ್ಳಿ. 181ಕ್ಕೆ ಕರೆ ಮಾಡಲು ನಿಮ್ಮ ಫೋನ್ ಸುರಕ್ಷಿತವಲ್ಲ ಅನ್ನಿಸಿದರೆ ಆ ಅಂಗಡಿಯ ಫೋನನ್ನೇ ಕೇಳಿ. ನಮ್ಮ ಅಂಗಡಿಯಲ್ಲಿ ಅದನ್ನು ಕೌಂಟರಿನ ಒಳಗೆ, ಹೊರಗಿನವರಿಗೆ ಕಾಣದ ಕಡೆ ಇಟ್ಟಿದ್ದೇವೆ.