ಕುರ್ಚಿ ಖಾಲಿ, ದೂರದೃಷ್ಟಿ ಭರ್ತಿ

ಗೂಗಲ್‌ನಲ್ಲಿ 'ಕಡಬ' ಅಂತ ಹೊಡೆದು ನೋಡಿ. ಮೊದಲು ಬರೋದು ದಕ್ಷಿಣ ಕನ್ನಡದ ಕಡಬ. ರಬ್ಬರ್ ತೋಟ, ಕುಮಾರಧಾರಾ ನದಿ, ಸುಬ್ರಹ್ಮಣ್ಯಕ್ಕೆ ಹೋಗೋ ದಾರಿ. ಅದು ಈಗ ತಾಲ್ಲೂಕು ಬೇರೆ ಆಗಿದೆ, ಅವರಿಗೆ ಮೊದಲ ಮರ್ಯಾದೆ ಸಲ್ಲಲಿ ಬಿಡಿ. ನಾನು ಹೇಳೋಕೆ ಹೊರಟಿರೋದು ಇನ್ನೊಂದು ಕಡಬದ ವಿಚಾರ. ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ತೆಂಗು, ಅಡಿಕೆ, ರಾಗಿ. ಶಿಂಷಾ ನದಿಗೆ ಏರಿ ಹಾಕಿ ಕಟ್ಟಿದ ದೊಡ್ಡ ಕೆರೆ. ಲಂಕೆಯಿಂದ ವಾಪಸ್ ಬರುವಾಗ ಇಲ್ಲಿ ತಂಗಿದ್ದ ಶ್ರೀರಾಮನೇ ಆ ಕೆರೆ ಕಟ್ಟಿಸಿದ್ದು ಅಂತ ಒಂದು ಕಥೆ. ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ ತಾಮ್ರಪಟಕ್ಕೆ ಚರಿತ್ರೆಯ ಪುಸ್ತಕಗಳಲ್ಲಿ ಕಡಬದ ಹೆಸರೇ ಇದೆ. ಹಳೇ ಗೆಜೆಟಿಯರ್‌ಗಳಲ್ಲಿ ಇಡೀ ತಾಲ್ಲೂಕಿನ ಹೆಸರೇ ಕಡಬ. ಗುಬ್ಬಿ ಅಂದರೆ ಕಡಬ ತಾಲ್ಲೂಕಿನ ಕಚೇರಿ ಇದ್ದ ಪೇಟೆ, ಅಷ್ಟೆ. ಆಮೇಲೆ ಹೆಸರೂ ಗುಬ್ಬಿಗೇ ಹೋಯ್ತು.

ಅಲ್ಲಿಂದ ಸ್ವಲ್ಪ ದೂರದ ಒಂದು ಹಳ್ಳಿ ನಮ್ಮದು. ಅಲ್ಲೂ ಒಂದು ಕೆರೆ ಇದೆ, ಕಡಬದ ಕೆರೆ ಮುಂದೆ ಹೊಂಡ ಅನ್ನಬೇಕು ಅಂಥದ್ದು. ಹೋದ ಸಲ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ಅದರ ಏರಿ ಮೇಲೆ ಕರ್ಕೊಂಡು ಹೋಗಿ ತೋರಿಸಿದರು. ಕೆರೆಗೆ ನೀರು ತರೋ ಹಳ್ಳದ ಅಡ್ಡಕ್ಕೆ ರಸ್ತೆ ಮಾಡಿದ್ದಾರೆ. ಮೋರಿ ಇಟ್ಟಿದ್ದಾರೆ, ಆದರೆ ಹಳ್ಳದ ಮಟ್ಟಕ್ಕಿಂತ ಒಂದು ಮೊಳ ಮೇಲೆ. ಮಳೆ ಬಂದರೆ ನೀರು ಮೋರಿ ಹತ್ತೋಕಾಗದೆ ಪಕ್ಕದ ಹೊಲಕ್ಕೆ ನುಗ್ಗುತ್ತೆ. ಕೆರೆ ಒಣಗಿರುತ್ತೆ, ಹೊಲ ಕೆರೆಯಾಗಿರುತ್ತೆ.

ಚಿಕ್ಕಪ್ಪ ಇದನ್ನ ಸರಿ ಮಾಡಿಸೋಕೆ ಎರಡು ವರ್ಷ ಓಡಾಡಿದ್ದಾರೆ. ಒಂದು ಕಚೇರೀಲಿ ರಸ್ತೆ ನಮ್ಮದಲ್ಲ ಅಂದರು. ಇನ್ನೊಂದು ಕಚೇರೀಲಿ ಕೆರೆ ನಮ್ಮದಲ್ಲ ಅಂದರು. ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಕರ್ನಾಟಕದಲ್ಲಿ ಅಚ್ಚುಕಟ್ಟು 40 ಹೆಕ್ಟೇರ್ ದಾಟಿದರೆ ಆ ಕೆರೆ ಸಣ್ಣ ನೀರಾವರಿ ಇಲಾಖೆಯ ಪಾಲು, ಅದಕ್ಕಿಂತ ಚಿಕ್ಕದಾದರೆ ಜಿಲ್ಲಾ ಪಂಚಾಯಿತಿ ಪಾಲು. ನಮ್ಮದು ಚಿಕ್ಕದು. ಅಂದರೆ ಹಿಡಿಯಬೇಕಾದ್ದು ಜಿಲ್ಲಾ ಪಂಚಾಯಿತಿ ಮೆಂಬರ್‌ನ.

"ಮೊದ್ಲಾದ್ರೆ ಮೆಂಬರ್ ಮನೆ ಮುಂದೆ ಹೋಗಿ ನಿಂತ್ಕಂಡು ಬೈಯಕಾದ್ರೂ ಆಯ್ತಿತ್ತು ಕಣಪ್ಪ. ಕೆಲ್ಸ ಆಯ್ತಿತ್ತೋ ಇಲ್ವೋ, ಬೈಯದಂತೂ ಆಯ್ತಿತ್ತು. ಈಗ ಯಾರ್ನ ಬೈಯದು ಹೇಳು?"

ಇದು ನಗೋ ಮಾತಲ್ಲ. ತುಮಕೂರು ಜಿಲ್ಲಾ ಪಂಚಾಯಿತಿಗೆ ಕೊನೇ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಐದು ವರ್ಷದ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅಲ್ಲಿಂದ ಇಲ್ಲಿಗೆ ನಾಲ್ಕು ವರ್ಷದ ಮೇಲಾಯ್ತು, ಹೊಸಬರು ಬಂದಿಲ್ಲ. ತಾಲ್ಲೂಕು ಪಂಚಾಯಿತಿಗೂ ಅದೇ ಗತಿ. ನಮ್ಮ ಜಿಲ್ಲೆ ಒಂದೇ ಅಲ್ಲ, ರಾಜ್ಯದ ಎಲ್ಲ ಜಿಲ್ಲೆಯದ್ದೂ ಇದೇ ಕಥೆ. ಆ ಕುರ್ಚಿಯಲ್ಲಿ ಈಗ ಆಡಳಿತಾಧಿಕಾರಿ ಅನ್ನೋ ಹುದ್ದೆ ಕೂತಿದೆ. ಹುದ್ದೆ ಅಂದೆ, ವ್ಯಕ್ತಿ ಅನ್ನಲಿಲ್ಲ. ವ್ಯಕ್ತಿಗಳು ವರ್ಗವಾಗಿ ಹೋಗ್ತಾ ಬರ್ತಾ ಇರ್ತಾರೆ. ಚಿಕ್ಕಪ್ಪನ ಮೋರಿ ವಿಷಯ ಅರ್ಥವಾಗೋ ಹೊತ್ತಿಗೆ ಅವರಿಗೆ ಇನ್ನೊಂದು ಊರು.

10,597 ಚದರ ಕಿಲೋಮೀಟರ್, ಹತ್ತು ತಾಲ್ಲೂಕು, 2011ರ ಜನಗಣತಿ ಪ್ರಕಾರ 26 ಲಕ್ಷ 78 ಸಾವಿರ ಜನ. ಪಾವಗಡದ ಕಲ್ಲುಗುಡ್ಡದಿಂದ ಕುಣಿಗಲ್‌ನ ಗದ್ದೆವರೆಗೆ. ಇಷ್ಟು ದೊಡ್ಡ ಜಿಲ್ಲೆಯ ಹಳ್ಳಿಗಾಡಿನ ವಿಚಾರ ಮಾತಾಡೋಕೆ ಜನ ಆರಿಸಿದ ಒಂದು ಸಭೆಯೇ ಇಲ್ಲ. ಆದರೆ 'ದೂರದೃಷ್ಟಿ'ಗೆ ಕೊರತೆ ಇಲ್ಲ ನೋಡಿ. ಬೆಂಗಳೂರಿನಿಂದ ತುಮಕೂರಿಗೆ ಮೆಟ್ರೊ ಅಂತಾರೆ. ರಾಮನಗರ 2025ರಲ್ಲಿ 'ಬೆಂಗಳೂರು ದಕ್ಷಿಣ' ಆದಮೇಲೆ ತುಮಕೂರನ್ನೂ 'ಬೆಂಗಳೂರು ಉತ್ತರ' ಅನ್ನೋಣ ಅನ್ನೋ ಮಾತು ಬಂತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ, ಎರಡಕ್ಕೂ ಪ್ರಧಾನಿಯೇ ಬಂದಿದ್ದರು. ಆಗಲಿ, ಬೇಡ ಅಂದವರು ಯಾರು? ಹೆಲಿಕಾಪ್ಟರ್ ಮಾಡೋ ತಾಲ್ಲೂಕಲ್ಲಿ ಒಂದು ಮೋರೀನ ಒಂದು ಮೊಳ ಕೆಳಗೆ ಇಳಿಸೋಕೆ ಯಾರನ್ನ ಕೇಳಬೇಕು ಅಂತ ಹೇಳಿದರೆ ಸಾಕು.

ಮೆಟ್ರೊ ಸುದ್ದಿ ಬಂದ ದಿನ ನಮ್ಮ ಕಾಲೇಜು ವಾಟ್ಸಾಪ್ ಗುಂಪಲ್ಲಿ ಪಟಾಕಿ ಇಮೋಜಿಗಳ ಸುರಿಮಳೆ. ಜಿಲ್ಲಾ ಪಂಚಾಯಿತಿ ಚುನಾವಣೆ ಮತ್ತೆ ಮುಂದಕ್ಕೆ ಅನ್ನೋ ಸುದ್ದೀನ ನಾನು ಹಾಕಿದಾಗ ಒಬ್ಬ ಕೇಳಿದ, "ಮಗಾ, ಅದು ಇನ್ನೂ ಇದೆಯಾ?"

ಅವನನ್ನ ಬೈದು ಪ್ರಯೋಜನ ಇಲ್ಲ. ಜಿಲ್ಲಾ ಪಂಚಾಯಿತಿ ಅಂದರೆ ನಮ್ಮಂಥವರಿಗೆ ಬಿಳಿ ಪಂಚೆ, ಸ್ಕಾರ್ಪಿಯೊ, ಕಂಟ್ರಾಕ್ಟು, ಪರ್ಸೆಂಟೇಜು. ಅದು ಸುಳ್ಳು ಅಂತಾನೂ ನಾನು ಹೇಳಲ್ಲ. ಅವರಿಗಿಂತ ಐಎಎಸ್ ಅಧಿಕಾರಿ ವಾಸಿ, ಓದಿಕೊಂಡವರು, ಫೈಲ್ ನೋಡಿ ಸಹಿ ಹಾಕ್ತಾರೆ ಅನ್ನೋ ವಾದ ಆಫೀಸ್ ಕ್ಯಾಂಟೀನ್‌ಗಳಲ್ಲಿ ನಾನೇ ಹತ್ತು ಸಲ ಕೇಳಿದ್ದೀನಿ. ಹಾಗನ್ನೋರಿಗೆ ನಮ್ಮ ಬೆಂಗಳೂರನ್ನೇ ತೋರಿಸ್ತೀನಿ. ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅವತ್ತಿಂದ ಅಧಿಕಾರಿಗಳದ್ದೇ ರಾಜ್ಯ. ನಿಮ್ಮ ರಸ್ತೆಯ ಗುಂಡಿ ಮುಚ್ಚಿತಾ? ಯಾರಿಗೆ ಫೋನ್ ಮಾಡ್ತೀರಿ? ಆ್ಯಪ್‌ನಲ್ಲಿ ಫೋಟೊ ಹಾಕ್ತೀರಿ, 'ಪರಿಹರಿಸಲಾಗಿದೆ' ಅಂತ ಬರುತ್ತೆ, ಗುಂಡಿ ಹಾಗೇ ಇರುತ್ತೆ. ನಮ್ಮ ಚಿಕ್ಕಪ್ಪನ ಹತ್ತಿರ ಆ ಆ್ಯಪ್ ಇಲ್ಲ. ವ್ಯತ್ಯಾಸ ಅಷ್ಟೇ.

ಇದೇ ಕರ್ನಾಟಕ ಒಂದು ಕಾಲಕ್ಕೆ ಇಡೀ ದೇಶಕ್ಕೆ ಪಾಠ ಹೇಳಿಕೊಟ್ಟಿತ್ತು ಅಂದರೆ ನಂಬೋದು ಕಷ್ಟ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಅವರು ತಂದ 1983ರ ಕಾನೂನಿನ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಒಬ್ಬ ಹಿರಿಯ ಐಎಎಸ್ ಅಧಿಕಾರಿ. ಕಾಲು ಭಾಗ ಸೀಟು ಹೆಂಗಸರಿಗೆ, ಅದೂ ಸಂವಿಧಾನದ 73ನೇ ತಿದ್ದುಪಡಿಗೆ ಎಷ್ಟೋ ವರ್ಷ ಮೊದಲೇ. ಆ ಕಾಲ ಕಂಡವರನ್ನ ಕೇಳಿ, ಮೊದಲು ಹೇಳೋದು ಒಂದೇ: ಮೇಷ್ಟ್ರುಗಳು ಸ್ಕೂಲಿಗೆ ಬರೋಕೆ ಶುರು ಮಾಡಿದರು, ಕೆಟ್ಟ ಬೋರ್‌ವೆಲ್ ಬೇಗ ರಿಪೇರಿ ಆಗ್ತಿತ್ತು. ಆರಿಸಿ ಬಂದವರೆಲ್ಲ ಸಂತರಾಗಿದ್ದರು ಅಂತೇನಲ್ಲ. ಮೇಷ್ಟ್ರು ಬರದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಊರಿಗೆ ಗೊತ್ತಿತ್ತು.

ಈಗ ಹೇಮಾವತಿ ವಿಚಾರಕ್ಕೆ ಬರ್ತೀನಿ. ಮೋರಿಯನ್ನ ಬೇಕಾದರೆ ಮರೆತುಬಿಡಿ, ಇದನ್ನ ಮರೆಯೋಕಾಗಲ್ಲ.

ಗೊರೂರು ಅಣೆಕಟ್ಟೆಯಿಂದ ಹೊರಟ ನೀರು ಬಾಗೂರು-ನವಿಲೆ ಸುರಂಗ ದಾಟಿ ತುಮಕೂರು ಜಿಲ್ಲೆಗೆ ಬರುತ್ತೆ. ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರು, ಕೊನೆಗೆ ಕುಣಿಗಲ್. ನಾಲೆ ಅಂದಮೇಲೆ ಗೊತ್ತಲ್ಲ, ಬಾಯಲ್ಲಿರೋರಿಗೆ ನೀರು, ಬಾಲದಲ್ಲಿರೋರಿಗೆ ಕೆಸರು. ಕುಣಿಗಲ್‌ನವರ ಸಂಕಟ ನಿಜವಾದ್ದು, ಅದನ್ನ ಅಲ್ಲಗಳೆಯೋನು ನಾನಲ್ಲ. ಅದಕ್ಕೆ ಸರ್ಕಾರ ಹುಡುಕಿದ ದಾರಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ಗುಬ್ಬಿ ತಾಲ್ಲೂಕಲ್ಲೇ ನಾಲೆಯಿಂದ ನೀರು ತಿರುಗಿಸಿಕೊಂಡು ಪೈಪ್‌ನಲ್ಲಿ ನೆಟ್ಟಗೆ ಕುಣಿಗಲ್ ಕಡೆಗೆ ಒಯ್ಯೋದು. ಖರ್ಚು ಸಾವಿರ ಕೋಟಿ ಆಸುಪಾಸು. ಆ ಪೈಪ್ ಕುಣಿಗಲ್‌ನಲ್ಲಿ ನಿಲ್ಲಲ್ಲ, ಮಾಗಡಿಗೂ ಹೋಗುತ್ತೆ, ನಮ್ಮ ಕೆರೆಗಳಿಗೆ ಬರೋ ನೀರಿಗೆ ಕತ್ತರಿ ಬೀಳುತ್ತೆ ಅನ್ನೋದು ಗುಬ್ಬಿ, ತುಮಕೂರು ಕಡೆಯ ರೈತರ ಭಯ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸಂಕಾಪುರದ ಹತ್ತಿರ ಜನ ಸೇರಿದರು. ನಿಷೇಧಾಜ್ಞೆ, ಪೊಲೀಸ್ ಪಡೆ, ಜೆಸಿಬಿ. ಟಿವಿಯಲ್ಲಿ ಎಲ್ಲ ನೋಡಿದ್ದೀರಿ.

ಯಾರ ವಾದ ಸರಿ? ನಾನು ಕಡಬದವನು, ನನ್ನ ತೀರ್ಪು ಎತ್ತ ವಾಲುತ್ತೆ ಅಂತ ನಿಮಗೆ ಗೊತ್ತೇ ಇದೆ. ಅದಕ್ಕೇ ನನ್ನ ತೀರ್ಪು ಬೇಡ. ಗುಬ್ಬಿಯವನೂ ಕುಣಿಗಲ್‌ನವನೂ ಎದುರುಬದುರು ಕೂತು ಜಗಳ ಆಡೋಕೆ ಒಂದು ಮೇಜು ಬೇಕಿತ್ತಲ್ಲ, ಅದು ಎಲ್ಲಿದೆ ಅಂತ ಕೇಳ್ತಿದ್ದೀನಿ.

ಮಜಾ ಏನು ಗೊತ್ತಾ? ಆ ಮೇಜು ಸಂವಿಧಾನದಲ್ಲೇ ಇದೆ. 243 ಝಡ್‌ಡಿ ವಿಧಿ. ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣದ ಪುರಸಭೆ, ನಗರಸಭೆಗಳಿಗೆ ಆರಿಸಿ ಬಂದವರಾಗಿರಬೇಕು, ಅವರನ್ನ ಆರಿಸೋದೂ ಅವರೇ. ಪಂಚಾಯಿತಿಗಳೂ ಪಟ್ಟಣಗಳೂ ಸೇರಿ ತೀರ್ಮಾನಿಸಬೇಕಾದ ವಿಷಯಗಳನ್ನ ಈ ಸಮಿತಿ ಗಮನಕ್ಕೆ ತಗೋಬೇಕು ಅಂತ ಹೇಳಿ, ಅದರಲ್ಲಿ ನೀರಿನ ಹಂಚಿಕೆ ಅಂತ ಬಿಡಿಸಿಯೇ ಬರೆದಿದ್ದಾರೆ. ಹೇಮಾವತಿಯನ್ನ ಕಣ್ಮುಂದೆ ಇಟ್ಕೊಂಡೇ ಬರೆದ ಹಾಗಿದೆ! ಜಿಲ್ಲಾ ಪಂಚಾಯಿತಿಯಲ್ಲಿ ಆರಿಸಿ ಬಂದವರೇ ಇಲ್ಲದ ಮೇಲೆ ಆ ಸಮಿತಿಯಲ್ಲಿ ಹಳ್ಳಿಗಳ ಪರವಾಗಿ ಕೂರೋರು ಯಾರು? ಮೇಜು ಇಲ್ಲ ಅಂದಮೇಲೆ ಜನ ನಾಲೆಗೆ ಹೋದರು. ಅವರನ್ನ ತಡೆಯೋಕೆ ಪೊಲೀಸರೂ ಹೋದರು.

ಈ ಸಭೆ ಇದ್ದಿದ್ದರೆ ಜಗಳ ಬಗೆಹರೀತಿತ್ತು ಅಂತ ನಾನು ಹೇಳಲ್ಲ. ಐವತ್ತೇಳು ಜನ ಸದಸ್ಯರು ಕೂಗಾಡಿ ಮೈಕ್ ಕಿತ್ತುಹಾಕ್ತಿದ್ದರೋ ಏನೋ. ಆದರೂ ಎಷ್ಟು ನೀರು, ಯಾವ ಕೆರೆಗೆ, ಯಾವ ತಿಂಗಳು ಅನ್ನೋ ಲೆಕ್ಕ ಆ ಕೂಗಾಟದಲ್ಲೇ ಹೊರಗೆ ಬರ್ತಿತ್ತು. ಪತ್ರಿಕೆಯವರು ಬರ್ಕೊಳ್ತಿದ್ದರು. ಚಿಕ್ಕಪ್ಪ ಓದ್ತಿದ್ದರು. ಈಗ ಆ ಲೆಕ್ಕ ಫೈಲಲ್ಲಿದೆ, ಫೈಲು ಬೆಂಗಳೂರಲ್ಲಿದೆ.

ಚುನಾವಣೆ ಯಾಕೆ ಆಗಿಲ್ಲ ಅಂತ ಕೇಳಿದರೆ ಉತ್ತರ ರೆಡಿ ಇದೆ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು. ಪುನರ್ವಿಂಗಡಣೆಯನ್ನ ರಾಜ್ಯ ಚುನಾವಣಾ ಆಯೋಗ ಮಾಡಿ ಮುಗಿಸ್ತಿತ್ತು. 2021ರಲ್ಲಿ ಸರ್ಕಾರ ಕಾನೂನು ತಿದ್ದಿ, ಆ ಕೆಲಸ ಕಿತ್ತುಕೊಂಡು, ಬೇರೆ ಆಯೋಗ ಮಾಡಿ ಅದಕ್ಕೆ ಕೊಟ್ಟಿತು. ಅದು ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಬಂತು. ವಿಧಾನಸೌಧದಲ್ಲಿ ಎಲ್ಲದಕ್ಕೂ ಕಿತ್ತಾಡೋ ಎರಡು ಪಕ್ಷಗಳು ಇದೊಂದು ವಿಷಯದಲ್ಲಿ ಎಷ್ಟು ಒಗ್ಗಟ್ಟು ನೋಡಿ. ಮಧ್ಯಪ್ರದೇಶದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು: ಪುನರ್ವಿಂಗಡಣೆ ಆಗಿಲ್ಲ, ಮೀಸಲಾತಿ ಲೆಕ್ಕ ಆಗಿಲ್ಲ ಅನ್ನೋ ನೆಪ ಒಡ್ಡಿ ಸ್ಥಳೀಯ ಚುನಾವಣೆ ಮುಂದೂಡೋ ಹಾಗಿಲ್ಲ, ಎಲ್ಲ ರಾಜ್ಯಕ್ಕೂ ಇದು ಅನ್ವಯ. ನಮ್ಮವರು ಕೇಳಿಸಿಕೊಂಡರು, ಅಷ್ಟೆ.

ನಿಜವಾದ ಕಾರಣ ನನಗೆ ಕಾಣೋದು ಬೇರೆ. ಜಿಲ್ಲಾ ಪಂಚಾಯಿತಿ ಮೆಂಬರ್ ಅಂದರೆ ಶಾಸಕರಿಗೆ ನಾಳೆಯ ಎದುರಾಳಿ. ಎರಡು ಸಲ ಗೆದ್ದು, ಹೋಬಳಿ ಪೂರ್ತಿ ಪರಿಚಯ ಮಾಡ್ಕೊಂಡ ಹೆಣ್ಣುಮಗಳೊಬ್ಬಳು ಮುಂದಿನ ಸಲ ಟಿಕೆಟ್ ಕೇಳ್ತಾಳೆ. ನಮ್ಮ ಕಾನೂನಲ್ಲಿ ಅರ್ಧ ಸೀಟು ಹೆಂಗಸರದ್ದು. ಈ ಬಾಗಿಲು ಮುಚ್ಚಿದಷ್ಟು ದಿನ ಅವರೆಲ್ಲ ಹೊರಗೇ. ಬಾಗಿಲು ಮುಚ್ಚಿದ್ದರಿಂದ ಊರಿಗೆ ನಷ್ಟ, ಊರಿಗೆ ಹಣ ಹಂಚೋ ಕೈಗೆ ಲಾಭ. ದುಡ್ಡಿನ ಲೆಕ್ಕವೂ ಅಷ್ಟೇ. ಹಣಕಾಸು ಆಯೋಗದ ಅನುದಾನ ಇರೋದು ಜನ ಆರಿಸಿದ ಸಂಸ್ಥೆಗಳಿಗೆ. ಆರಿಸಿಲ್ಲ ಅಂದರೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಯ ಪಾಲು ದೆಹಲಿಯಲ್ಲೇ ನಿಲ್ಲುತ್ತೆ. ನಮ್ಮ ಕೆರೆಯ ಹೂಳಿಗೆ ಬರಬೇಕಾದ ಕಾಸು ಅದು.

ಹಾಗಂತ ಊರಲ್ಲಿ ಕೆಲಸವೇ ಆಗ್ತಿಲ್ಲ ಅಂದರೆ ಸುಳ್ಳಾಗುತ್ತೆ. ಜಲಜೀವನ್ ಮಿಷನ್ ಪೈಪ್ ಬಂದಿದೆ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ಜಿಲ್ಲೆಗೆ 75ರಂತೆ ಅಮೃತ ಸರೋವರ, ನರೇಗಾದಲ್ಲಿ ಬದು, ಕೃಷಿಹೊಂಡ. ಎಲ್ಲಕ್ಕೂ ಬೋರ್ಡ್ ಇದೆ, ಫೋಟೊ ಇದೆ. ಯಾವ ಕೆರೆ ಮೊದಲು ಅನ್ನೋದನ್ನ ಆ ಕೆರೆ ನೀರು ಕುಡಿಯೋರ ಜೊತೆ ಕೂತು ತೀರ್ಮಾನ ಮಾಡಿದ್ದು ಎಲ್ಲಿ ಅಂತ ಕೇಳಿದರೆ ಮಾತ್ರ ಬೋರ್ಡ್ ಮೇಲೆ ಉತ್ತರ ಇರಲ್ಲ.

ಚಿಕ್ಕಪ್ಪನ ಮಗಳಿಗೆ ಈಗ ಇಪ್ಪತ್ತಾರು. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ, ವೋಟು ಇನ್ನೂ ಊರಲ್ಲೇ ಇಟ್ಕೊಂಡಿದ್ದಾಳೆ. 2018, 2019, 2020ರ ಗ್ರಾಮ ಪಂಚಾಯಿತಿ, 2023, 2024 — ಐದು ಸಲ ಗುಬ್ಬಿ ಬಸ್ಸು ಹತ್ತಿ ಹೋಗಿ ಬೆರಳಿಗೆ ಮಸಿ ಹಾಕಿಸ್ಕೊಂಡು ಬಂದಿದ್ದಾಳೆ, ಐದು ಸಲವೂ ಇನ್‌ಸ್ಟಾಗ್ರಾಮ್‌ಗೆ ಫೋಟೊ. ಜಿಲ್ಲಾ ಪಂಚಾಯಿತಿಗೆ ಒಂದು ಸಲವೂ ವೋಟು ಹಾಕಿಲ್ಲ, ಹಾಕೋ ಅವಕಾಶವೇ ಬಂದಿಲ್ಲ. 2016ರ ಫೆಬ್ರವರಿ ಆದಮೇಲೆ ಹದಿನೆಂಟು ತುಂಬಿದ ಯಾರೂ ಈ ರಾಜ್ಯದಲ್ಲಿ ಹಾಕಿಲ್ಲ. ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನ ಅದರಲ್ಲಿದ್ದೀರಿ.

ಅವತ್ತು ಏರಿ ಮೇಲೆ ಅವಳೂ ಇದ್ದಳು. ಅಪ್ಪನ ಮಾತು ಕೇಳಿ, "ಅಣ್ಣ, ಆ ಮೆಂಬರ್ ಅನ್ನೋರು ಎಲ್ಲಿ ಕೂರ್ತಿದ್ರು?" ಅಂದಳು.

ಚಿಕ್ಕಪ್ಪ ಮೋರಿ ಕಡೆ ನೋಡ್ತಾ ಅಂದರು, "ಊರಲ್ಲೇ ಕಣವ್ವ. ಹಾಲಿನ ಡೈರಿ ಮುಂದೆ."