ಸಾಲ ತೀರಿಸಲು ಕೆಲಸ ಬೇಕು, ಕೆಲಸಕ್ಕೆ ಸಾಲ ತೀರಿರಬೇಕು!

ಸ್ಟೇಟ್ ಬ್ಯಾಂಕಿನ ನೇಮಕಾತಿ ಜಾಹೀರಾತುಗಳಲ್ಲಿ ಒಂದು ಷರತ್ತು ಇರುತ್ತದೆ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡವರು, ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿ ಕೆಟ್ಟಿರುವವರು ನೇಮಕಕ್ಕೆ ಅರ್ಹರಲ್ಲ. ಇದೇ ಷರತ್ತಿನ ಮೇಲೆ ಅಭ್ಯರ್ಥಿಯೊಬ್ಬರ ನೇಮಕ ರದ್ದಾದದ್ದನ್ನು 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಹಳೆಯ ಸಾಲವನ್ನೆಲ್ಲ ತೀರಿಸಿದ್ದೇನೆ ಎಂದು ಅವರು ವಾದಿಸಿದರೂ ಫಲ ಸಿಗಲಿಲ್ಲ. ತೀರ್ಪನ್ನು ಮೆಚ್ಚಿದವರದೆಲ್ಲ ಒಂದೇ ರಾಗ: ‘ತನ್ನ ದುಡ್ಡನ್ನೇ ನೆಟ್ಟಗೆ ನೋಡಿಕೊಳ್ಳದವನು ಜನರ ದುಡ್ಡನ್ನು ಹೇಗೆ ನೋಡಿಕೊಂಡಾನು?’ ಹೊಟ್ಟೆ ತುಂಬಿದವರು ಆಡುವ ಮಾತು ಇದು.

ಸಾಲ ಬಾಕಿ ಬೀಳುವುದು ಯಾಕೆ? ಸಂಬಳ ಇಲ್ಲದ್ದರಿಂದ. ಶಿಕ್ಷಣ ಸಾಲಕ್ಕೆ ಕೋರ್ಸ್ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ಬಿಡುವು ಸಿಗುತ್ತದೆ, ಆಮೇಲೆ ಕಂತು ಶುರು. ಅಷ್ಟರಲ್ಲಿ ಹುಡುಗನಿಗೆ ಕೆಲಸ ಸಿಕ್ಕಿತೇ ಎಂದು ಬ್ಯಾಂಕಿನ ಕಂಪ್ಯೂಟರ್ ಕೇಳುವುದಿಲ್ಲ. ಸಿಬಿಲ್ ವರದಿಯನ್ನು ತೆರೆದು ನೋಡಿ. ತಿಂಗಳಿಗೊಂದು ಚೌಕ, ಹೀಗೆ 36 ತಿಂಗಳು. ಮೊದಮೊದಲು ಸೊನ್ನೆ, ಆಮೇಲೆ 30, 60, 90. ಕಂತು ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ ಅದು. ಮಳೆ ಕೈಕೊಟ್ಟದ್ದು, ಅಪ್ಪನಿಗೆ ಡಯಾಲಿಸಿಸ್ ಶುರುವಾದದ್ದು, ಕಂಪನಿ ಬಾಗಿಲು ಹಾಕಿದ್ದು ಯಾವುದೂ ಆ ಚೌಕದಲ್ಲಿಲ್ಲ. ನೆಂಟರ ಸಾಲಕ್ಕೆ ಜಾಮೀನು ನಿಂತಿದ್ದರೆ ಅವರ ಬಾಕಿಯೂ ನಿಮ್ಮ ಹೆಸರಿಗೇ ಬಂದು ಅಂಟುತ್ತದೆ. ಇದನ್ನು ಹಿಡಿದು ಒಬ್ಬ ಯುವಕನ ನಿಯತ್ತನ್ನು ಅಳೆಯುತ್ತಾರೆ!

ಬ್ಯಾಂಕುಗಳಿಗಾಗಿ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ 2023ರ ಕ್ಲರ್ಕ್ ನೇಮಕಾತಿಯಲ್ಲಿ 650 ಸಿಬಿಲ್ ಅಂಕ ಬೇಕೆಂದಿತು. ಆಮೇಲೆ ಅಂಕೆಯನ್ನು ತೆಗೆಯಿತು, ‘ಸಾಲದ ಇತಿಹಾಸ ಚೆನ್ನಾಗಿರಬೇಕು’ ಎಂಬ ಷರತ್ತನ್ನು ಉಳಿಸಿಕೊಂಡಿತು. ಇದರಿಂದ ಏನು ಬದಲಾಯಿತು? ಕೆಲಸಕ್ಕೆ ಸೇರುವ ಮೊದಲೇ ಬಾಕಿ ತೀರಿಸಬೇಕು. ಯಾವ ಸಂಬಳದಿಂದ?

ಇದಕ್ಕಿಂತ ದೊಡ್ಡ ಅನ್ಯಾಯ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿದೆ. ‘ಯಾವುದೇ ಕಾಲದಲ್ಲಿ’ ದಿವಾಳಿ ಎಂದು ಘೋಷಿತನಾದವನನ್ನು, ಸಾಲ ಕೊಟ್ಟವರ ಜೊತೆ ರಾಜಿ ಮಾಡಿಕೊಂಡವನನ್ನು ಬ್ಯಾಂಕು ನೌಕರಿಗೆ ಇಟ್ಟುಕೊಳ್ಳುವಂತಿಲ್ಲ. ನೈತಿಕ ಅಧಃಪತನದ ಅಪರಾಧ ಮಾಡಿ ಶಿಕ್ಷೆಗೊಳಗಾದವನ ಪಕ್ಕದಲ್ಲೇ, ಅದೇ ವಾಕ್ಯದಲ್ಲಿ ಇವನನ್ನೂ ಕೂರಿಸಿದ್ದಾರೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಅಂಗಡಿ ಮುಳುಗಿ ಕೋರ್ಟಿನಲ್ಲಿ ದಿವಾಳಿಯಾದವನು ನಲವತ್ತೈದರಲ್ಲೂ ಬ್ಯಾಂಕಿನ ಕೌಂಟರಿನ ಹಿಂದೆ ಕೂರಬಾರದು.

ಇನ್ನೊಂದು ಕಡೆ ನೋಡಿ. 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಬ್ಯಾಂಕಿನೊಂದಿಗೆ ರಾಜಿ ಮಾಡಿಕೊಂಡ ಸಾಲಗಾರನಿಗೆ ಕನಿಷ್ಠ 12 ತಿಂಗಳು ಕಳೆದ ಮೇಲೆ ಹೊಸ ಸಾಲವನ್ನೇ ಕೊಡಬಹುದು. ಬೇಕೆಂದೇ ಸಾಲ ಕಟ್ಟದವರ ಜೊತೆಗೂ ರಾಜಿಗೆ ಅವಕಾಶವಿದೆ. ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ಪುಸ್ತಕದಿಂದ ಹೊಡೆದುಹಾಕಿದ ಸಾಲ 16.35 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರವೇ 2025ರ ಮಾರ್ಚ್‌ನಲ್ಲಿ ಸಂಸತ್ತಿಗೆ ಹೇಳಿದೆ. ರಾಜಿ ಮಾಡಿಕೊಂಡವನು ಸಾಲ ಪಡೆಯಲು ಒಂದು ವರ್ಷ ಕಾದರೆ ಸಾಕು. ಗುಮಾಸ್ತನಾಗಲು ಜನ್ಮವಿಡೀ ಕಾದರೂ ಆಗದು. ಜನರ ದುಡ್ಡು ಮುಳುಗುವುದಾದರೂ ಯಾರಿಂದ? ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 2018ರಲ್ಲಿ ಬಯಲಾದ ವಂಚನೆಯಲ್ಲಿ ಸಾವಿರಾರು ಕೋಟಿ ಹೋದದ್ದು ವಜ್ರದ ವ್ಯಾಪಾರಿಗಳಿಗೆ ಅಕ್ರಮವಾಗಿ ಕೊಟ್ಟ ಖಾತರಿ ಪತ್ರಗಳಿಂದ. ಬೈಕಿನ ಕಂತು ತಪ್ಪಿಸಿದ ಹುಡುಗನಿಂದಲ್ಲ.

ನಮ್ಮ ಬ್ಯಾಂಕುಗಳು ಮೊದಲು ಹೀಗಿರಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡು ಬೆಳೆಯಿತು. ಬಡವರ ಮುಖ ನೋಡಿ ನಂಬಿಕೆ ಇಟ್ಟ ಬ್ಯಾಂಕು ಅದು. ವಿಲೀನದಲ್ಲಿ ಅದೂ ಹೋಯಿತು, ವಿಜಯಾ ಬ್ಯಾಂಕೂ ಹೋಯಿತು, ಕಾರ್ಪೊರೇಷನ್ ಬ್ಯಾಂಕೂ ಹೋಯಿತು. ಈಗ ಹಳ್ಳಿಯ ಶಾಖೆಯಲ್ಲಿ ರೈತರು ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುವವರೂ ಸಿಗದ ಸ್ಥಿತಿ. ಇಂಥದ್ದರಲ್ಲಿ ನಮ್ಮ ಊರಿನ ಹುಡುಗಿಯೊಬ್ಬಳು ಕಷ್ಟಪಟ್ಟು ಓದಿ ಪರೀಕ್ಷೆ ಪಾಸು ಮಾಡಿದರೆ ಶಿಕ್ಷಣ ಸಾಲದ ಬಾಕಿ ತೋರಿಸಿ ವಾಪಸು ಕಳಿಸುತ್ತಾರೆ. ಸಾಲ ಕೊಟ್ಟದ್ದೂ ಬ್ಯಾಂಕು, ಓದಿದ್ದು ಕೆಲಸಕ್ಕಾಗಿ, ಆ ಕೆಲಸ ತಪ್ಪಿಸಿದ್ದೂ ಬ್ಯಾಂಕು.

‘ಹಾಗಾದರೆ ಕಾನೂನಿನ ಪ್ರಕಾರ ದಿವಾಳಿ ಅರ್ಜಿ ಹಾಕಿ ಹೊಸದಾಗಿ ಬದುಕು ಶುರು ಮಾಡಲಿ’ ಎನ್ನುವವರಿದ್ದಾರೆ. ಯಾವ ಕಾನೂನು? 2016ರ ದಿವಾಳಿ ಸಂಹಿತೆಯಲ್ಲಿ ಬಡ ಸಾಲಗಾರರಿಗೆ ಹೊಸ ಆರಂಭದ ದಾರಿಯನ್ನು ಬರೆದರು. ವಾರ್ಷಿಕ ಆದಾಯ 60 ಸಾವಿರ, ಆಸ್ತಿ 20 ಸಾವಿರ, ಸಾಲ 35 ಸಾವಿರ ರೂಪಾಯಿ ಮೀರದಿದ್ದರೆ ಮಾತ್ರ. ಅದನ್ನೂ ಜಾರಿಗೆ ತರಲಿಲ್ಲ. ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ 2019ರ ಡಿಸೆಂಬರ್‌ನಲ್ಲೇ ಸಂಹಿತೆಯ ನಿಯಮಗಳು ಜಾರಿಗೆ ಬಂದವು. ಸಾಮಾನ್ಯರಿಗೆ ಇವತ್ತಿಗೂ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಂಥ ಕಾನೂನುಗಳೇ ಗತಿ. ಅಲ್ಲಿಗೆ ಹೋಗಿ ದಿವಾಳಿ ಎನಿಸಿಕೊಂಡರೆ 10ನೇ ಸೆಕ್ಷನ್ ಕಾದು ಕೂತಿರುತ್ತದೆ.

‘ಯಾವುದೇ ಕಾಲದಲ್ಲಿ’ ಎಂಬ ಆ ಪದಗಳನ್ನು ಕಾಯ್ದೆಯಿಂದ ಕಿತ್ತುಹಾಕಬೇಕು. ಸಿಬಿಲ್ ಷರತ್ತನ್ನು ಕ್ಲರ್ಕ್, ಅಧಿಕಾರಿ ಎನ್ನದೆ ಎಲ್ಲ ನೇಮಕಾತಿಯಿಂದಲೂ ತೆಗೆಯಬೇಕು. ಬಾಕಿ ಇದ್ದರೆ ಕೆಲಸ ಕೊಟ್ಟು, ಸಂಬಳದಿಂದಲೇ ತಿಂಗಳು ತಿಂಗಳು ಕಂತು ಹಿಡಿದುಕೊಳ್ಳಲಿ; ಸಂಬಳದ ಖಾತೆ ಬ್ಯಾಂಕಿನ ಕೈಯಲ್ಲೇ ಇದೆಯಲ್ಲ! ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಮಂದಿ ಇದನ್ನು ಸದನದಲ್ಲಿ ಎತ್ತಬೇಕು, ಯಾವ ಬ್ಯಾಂಕು ಎಷ್ಟು ಜನರ ನೇಮಕವನ್ನು ಈ ಕಾರಣಕ್ಕೆ ರದ್ದು ಮಾಡಿದೆ ಎಂಬ ಪಟ್ಟಿಯನ್ನು ಹಣಕಾಸು ಸಚಿವರಿಂದ ಕೇಳಿ ಪಡೆಯಬೇಕು.